ಫ್ಯಾನು ತಂಪು ಮಾಡುವುದು ಯಾರನ್ನು?

ಯುಗಾದಿ ಕಳೆಯುವಷ್ಟರಲ್ಲಿ ಎಲೆಕ್ಟ್ರಿಷಿಯನ್ನರ ಫೋನು ಸಿಗುವುದು ಕಷ್ಟ. ಸಿಕ್ಕರೂ ‘ನಾಳೆ ಬರ್ತೀನಿ ಸಾರ್’ ಎಂಬ ಉತ್ತರ. ಚಳಿಗಾಲವೆಲ್ಲ ನೆತ್ತಿಯ ಮೇಲೇ ತೂಗುತ್ತಿದ್ದರೂ ಯಾರೂ ತಲೆಯೆತ್ತಿ ನೋಡದ ಸೀಲಿಂಗ್ ಫ್ಯಾನಿಗೆ ಏಪ್ರಿಲಿನಲ್ಲಿ ಬೈಗುಳದ ಸುರಿಮಳೆ. ಗಾಳಿ ಬರ್ತಿಲ್ಲ, ಬಂದರೂ ಬಿಸಿ ಗಾಳಿ, ಐದಕ್ಕೆ ತಿರುಗಿಸಿದರೂ ಅಷ್ಟೇ, ಮೂರಕ್ಕಿಟ್ಟರೂ ಅಷ್ಟೇ. ಈ ದೂರುಗಳಲ್ಲಿ ಅರ್ಧದಷ್ಟು ಫ್ಯಾನಿಗೆ ಸಲ್ಲಬೇಕಾದವಲ್ಲ. ಅದರಿಂದ ಏನನ್ನು ನಿರೀಕ್ಷಿಸಬೇಕು ಎಂಬುದರಲ್ಲೇ ನಾವು ಎಡವಿರುತ್ತೇವೆ.

ಎಷ್ಟೋ ಮನೆಗಳಲ್ಲಿ ಒಂದು ರೂಢಿಯಿದೆ. ರಾತ್ರಿ ಊಟಕ್ಕೆ ಕೂರುವ ಮೊದಲೇ ಮಲಗುವ ಕೋಣೆಯ ಫ್ಯಾನು ಹಾಕಿ ಬಂದಿರುತ್ತಾರೆ, ‘ಮಲಗೋ ಹೊತ್ತಿಗೆ ರೂಮು ತಣ್ಣಗಾಗಿರಲಿ’ ಎಂದು. ಬಾಗಿಲು ಕಿಟಕಿ ಮುಚ್ಚಿದ ಆ ಕೋಣೆಯ ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿ, ಒಂದು ಗಂಟೆ ಫ್ಯಾನು ತಿರುಗಿಸಿ ನೋಡಿ. ಅದು ಇಳಿಯುವುದಿಲ್ಲ. ಸೂಕ್ಷ್ಮವಾದ ಥರ್ಮಾಮೀಟರ್ ಆದರೆ ಕೂದಲೆಳೆಯಷ್ಟು ಏರಿದರೂ ಏರೀತು. ಯಾಕೆಂದರೆ ಮಾಮೂಲಿ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಕರೆಂಟು ತಿನ್ನುತ್ತದೆ. ಆ 75 ವ್ಯಾಟ್ ಎಲ್ಲಿಗೂ ಓಡಿಹೋಗುವುದಿಲ್ಲ. ಮೋಟಾರಿನ ಬಿಸಿಯಾಗಿ, ಗಾಳಿ ಗೋಡೆಗೆ ಬಡಿದು ನಿಲ್ಲುವಾಗಿನ ತಿಕ್ಕಾಟವಾಗಿ, ಕೊನೆಗೆ ಕೋಣೆಯೊಳಗೇ ಶಾಖವಾಗಿ ಉಳಿಯುತ್ತದೆ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈ ಹೊರಹಾಕುವ ಶಾಖ ಸುಮಾರು 100 ವ್ಯಾಟ್. ಲೆಕ್ಕ ಹಾಕಿದರೆ, ಖಾಲಿ ಕೋಣೆಯಲ್ಲಿ ಫ್ಯಾನು ಬಿಟ್ಟು ಬರುವುದೆಂದರೆ ಮುಕ್ಕಾಲು ಮನುಷ್ಯನ ಬಿಸಿಯನ್ನು ಅಲ್ಲಿ ಸೇರಿಸಿ ಬರುವುದು.

ಹಾಗಾದರೆ ಫ್ಯಾನಿನ ಕೆಳಗೆ ಹಾಯೆನಿಸುವುದು ಭ್ರಮೆಯೇ? ಅಲ್ಲ. ಫ್ಯಾನು ತಂಪು ಮಾಡುವುದು ನಿಮ್ಮನ್ನು, ಕೋಣೆಯನ್ನಲ್ಲ. ಇದೊಂದು ತಲೆಗೆ ಹೋದರೆ ಫ್ಯಾನನ್ನು ಎಲ್ಲಿ ತೂಗುಹಾಕಬೇಕು, ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು ಎನ್ನುವ ಪ್ರಶ್ನೆಗಳೆಲ್ಲ ತಾವಾಗಿಯೇ ಬಗೆಹರಿಯುತ್ತವೆ.

ಮೈ ತನ್ನ ಶಾಖವನ್ನು ಕಳೆದುಕೊಳ್ಳುವ ದಾರಿಗಳಲ್ಲಿ ಫ್ಯಾನಿನ ಕೈ ಹಾಯುವುದು ಎರಡಕ್ಕೆ. ಒಂದು, ಚರ್ಮಕ್ಕೆ ತಾಗಿಕೊಂಡ ಗಾಳಿಯ ಪದರ. ಗಾಳಿ ಅಲುಗಾಡದೆ ನಿಂತರೆ ಆ ಪದರ ಮೈಯ ಬಿಸಿಯನ್ನೇ ಹೀರಿ, ಮೈಯಷ್ಟೇ ಬೆಚ್ಚಗಾಗಿ, ಅಲ್ಲೇ ಕೂತುಬಿಡುತ್ತದೆ. ಫ್ಯಾನು ಅದನ್ನು ಗುಡಿಸಿಹಾಕಿ ಕೋಣೆಯ ಗಾಳಿಯನ್ನು ಮೈಗೆ ತಾಗಿಸುತ್ತದೆ. ಇನ್ನೊಂದು ಬೆವರು. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2.4 ಕಿಲೋಜೌಲ್ ಶಾಖ ಬೇಕು. ಅದನ್ನು ಅದು ಮೈಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಕೂತ ಮನುಷ್ಯನ ಆ 100 ವ್ಯಾಟನ್ನು ಪೂರ್ತಿ ಬೆವರಿನಿಂದಲೇ ಕಳೆಯಬೇಕೆಂದರೂ ಗಂಟೆಗೆ 150 ಮಿಲಿಲೀಟರ್ ಬೆವರು ಆರಿದರೆ ಸಾಕು, ಒಂದು ಲೋಟಕ್ಕಿಂತ ಕಡಿಮೆ. ಷರತ್ತು ಒಂದೇ, ಅದು ಆರಬೇಕು. ಹನಿಹನಿಯಾಗಿ ಬನಿಯನ್ನಿಗೆ ಇಳಿದ ಬೆವರಿನಿಂದ ಮೈಗೆ ಬಿಡಿಗಾಸಿನ ಲಾಭವಿಲ್ಲ.

ಮಂಗಳೂರಿನವರು ಸೆಖೆ ಎನ್ನುವುದು ಈ ಆರದ ಬೆವರಿನ ಹಿಂಸೆಯನ್ನು. ಅಲ್ಲಿ ಮೇ ತಿಂಗಳಲ್ಲೂ ಉಷ್ಣಾಂಶ ಸಾಮಾನ್ಯವಾಗಿ 33, 34 ಡಿಗ್ರಿಯ ಆಸುಪಾಸು. ಅಂಕಿ ಮಾತ್ರ ನೋಡಿದ ರಾಯಚೂರಿನವರು ‘ಇಷ್ಟಕ್ಕೇ ಒದ್ದಾಡ್ತೀರಾ’ ಎಂದು ನಕ್ಕಾರು. ಆದರೆ ಕಡಲ ಗಾಳಿಯಲ್ಲಿ ತೇವ ಎಷ್ಟು ತುಂಬಿರುತ್ತದೆಂದರೆ, ಮೈಮೇಲಿನ ಬೆವರಿಗೆ ಆರಲು ಜಾಗವೇ ಇರುವುದಿಲ್ಲ. ಇಂಥ ಊರಿನಲ್ಲಿ ಫ್ಯಾನು ಪ್ರತಿ ಸುತ್ತಿಗೂ ಪ್ರಯೋಜನಕ್ಕೆ ಬರುತ್ತದೆ. ಚರ್ಮದ ಬಳಿ ಒದ್ದೆಯಾಗಿ ನಿಂತ ಗಾಳಿಯನ್ನು ತಳ್ಳಿ, ಅದಕ್ಕಿಂತ ತುಸು ಒಣಗಿದ್ದನ್ನು ತರುತ್ತದೆ. ಕೋಣೆಯ ಗಾಳಿ ಚರ್ಮಕ್ಕಿಂತ ತಂಪಾಗಿಯೇ ಇರುವುದರಿಂದ ಬೀಸಿದಷ್ಟೂ ಲಾಭ. ಕರಾವಳಿಯವರು ರೆಗ್ಯುಲೇಟರನ್ನು ಐದರಲ್ಲೇ ಇಟ್ಟು ಮರೆತರೆ ಯಾರೂ ಟೀಕಿಸಬೇಕಿಲ್ಲ. ಹವಾಮಾನ ಇಲಾಖೆ ಕೂಡ ಈ ತೇವದ ಲೆಕ್ಕ ಹಿಡಿದೇ ಮಾತಾಡುತ್ತದೆ: ಬಿಸಿಗಾಳಿಯ ಎಚ್ಚರಿಕೆ ಕೊಡುವ ಮುನ್ನ ಬಯಲು ಸೀಮೆಯಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಕರಾವಳಿಯಲ್ಲಿ 37 ಸಾಕು.

ಕಲಬುರಗಿ, ರಾಯಚೂರಿನ ಕಥೆ ತಿರುವುಮುರುವು. ಅಲ್ಲಿ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಗೆ ಕಾದ ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಕೋಣೆಯ ಗಾಳಿ ಅದಕ್ಕಿಂತ ಬಿಸಿಯಾದ ಕ್ಷಣದಿಂದ ಫ್ಯಾನಿನ ಮೊದಲ ಕೆಲಸ ಉಲ್ಟಾ ಹೊಡೆಯುತ್ತದೆ. ಅದು ಮೈಯ ಶಾಖವನ್ನು ಒಯ್ಯುವ ಬದಲು ಗಾಳಿಯ ಶಾಖವನ್ನು ಮೈಗೆ ತಂದು ಸುರಿಯುತ್ತದೆ. ಆಗ ಉಳಿಯುವ ಲಾಭ ಬೆವರು ಆರಿಸುವುದೊಂದೇ. ಒಣಹವೆಯಲ್ಲಿ ಆ ಲಾಭವೂ ಸಣ್ಣದು, ಯಾಕೆಂದರೆ ಅಲ್ಲಿ ಬೆವರು ಫ್ಯಾನಿಲ್ಲದೆಯೂ ಚಕ್ಕನೆ ಆರಿಹೋಗಿರುತ್ತದೆ. ಮೈ ಒಣಗಿದೆ, ಮುಖಕ್ಕೆ ಝಳ ಹೊಡೆಯುತ್ತಿದೆ, ಗಂಟಲು ಆರುತ್ತಿದೆ ಎಂದರೆ ಫ್ಯಾನು ನಿಮ್ಮ ಪರ ನಿಂತಿಲ್ಲ ಎಂದರ್ಥ.

ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದಾರೆ. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆರೋಗ್ಯವಂತ ಗಂಡಸರನ್ನು ಎರಡು ಬಗೆಯ ಹವೆಯಲ್ಲಿ ಕೂರಿಸಿದ್ದರು. 40 ಡಿಗ್ರಿ, ಶೇ. 50ರಷ್ಟು ತೇವ ಇದ್ದ ಕೋಣೆಯಲ್ಲಿ ಫ್ಯಾನು ಉಪಕಾರ ಮಾಡಿತು. ದೇಹದೊಳಗಿನ ಬಿಸಿಯೂ ಹೃದಯದ ಮೇಲಿನ ಭಾರವೂ ತಗ್ಗಿದವು. 47 ಡಿಗ್ರಿ, ಶೇ. 10ರಷ್ಟು ತೇವದ ಒಣ ಕೋಣೆಯಲ್ಲಿ ಅದೇ ಫ್ಯಾನು ಅಪಕಾರ ಮಾಡಿತು. 2021ರಲ್ಲಿ ಅದೇ ತಂಡ ಮೇಲ್ಮಿತಿಗಳನ್ನೂ ಸೂಚಿಸಿತು: ಆರೋಗ್ಯವಂತ ಯುವಕರಿಗೆ 39 ಡಿಗ್ರಿ, ವಯಸ್ಸಾದವರಿಗೆ 38, ಬೆವರನ್ನು ತಗ್ಗಿಸುವ ಕೆಲವು ಬಗೆಯ ಔಷಧಿ ಸೇವಿಸುತ್ತಿರುವ ಹಿರಿಯರಿಗೆ 37. ವಿಶ್ವ ಆರೋಗ್ಯ ಸಂಸ್ಥೆ ಸರಳವಾಗಿ 40ರ ಗೆರೆ ಎಳೆದಿದೆ. ಅದರಾಚೆ ಫ್ಯಾನು ಮೈಯನ್ನು ಕಾಯಿಸುತ್ತದೆಯೇ ಹೊರತು ತಣಿಸುವುದಿಲ್ಲ.

ಇಲ್ಲಿ ಗಾಬರಿಯಾಗುವ ಮೊದಲು ಒಂದು ಮಾತು. ಈ ಅಂಕಿಗಳೆಲ್ಲ ನೀವು ಕೂತ ಕೋಣೆಯ ಉಷ್ಣಾಂಶಕ್ಕೆ ಸಂಬಂಧಿಸಿದ್ದು, ಟಿವಿಯಲ್ಲಿ ಹೇಳುವ ಊರಿನ ಉಷ್ಣಾಂಶಕ್ಕಲ್ಲ. ಹೊರಗೆ 43 ಇದ್ದಾಗಲೂ ದಪ್ಪ ಕಲ್ಲುಗೋಡೆಯ ಹಳೆಯ ಮನೆಯೊಳಗೆ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಅಲ್ಲಿ ಧಾರಾಳವಾಗಿ ಫ್ಯಾನು ಹಾಕಿಕೊಳ್ಳಬಹುದು. ಅದೇ ಊರಿನ ತಗಡಿನ ಶೆಡ್ಡಿನಲ್ಲಿ ಹೊರಗಿಗಿಂತ ಒಳಗೇ ಹೆಚ್ಚು. ಇನ್ನೂರು ಮುನ್ನೂರು ರೂಪಾಯಿಗೆ ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಸಿಗುತ್ತದೆ, ತೇವವನ್ನೂ ತೋರಿಸುವಂಥದು. ವಯಸ್ಸಾದವರಿರುವ ಮನೆಯಲ್ಲಿ ಬಿ.ಪಿ. ನೋಡುವ ಯಂತ್ರದ ಪಕ್ಕ ಇದಕ್ಕೂ ಒಂದು ಜಾಗ ಇರಲಿ ಎನ್ನುತ್ತೇನೆ. ವಯಸ್ಸಾದ ಮೈ ಬೆವರುವುದೇ ಕಡಿಮೆ, ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ‘ಅಜ್ಜಿ ಫ್ಯಾನಿನ ಕೆಳಗೇ ಇದ್ದಾರಲ್ಲ’ ಎಂದು ಮನೆಯವರು ನಿಶ್ಚಿಂತರಾಗುವುದೇ ಇಂಥ ದಿನಗಳ ದೊಡ್ಡ ಅಪಾಯ.

ಕೋಣೆಯ ಬಿಸಿ ಆ ಮಿತಿಗಳನ್ನು ದಾಟಿದಾಗ ಮಾಡಬೇಕಾದ್ದು ಬೆವರಿನ ಕೆಲಸವನ್ನು ನೀರಿಗೆ ವಹಿಸುವುದು. ಟವೆಲ್ಲನ್ನು ನೆನೆಸಿ ಹಿಂಡಿ ಮುಖ, ಕುತ್ತಿಗೆ, ತೋಳು, ಮೊಣಕಾಲ ಕೆಳಗೆ ಒರೆಸಿ, ಹಾಗೇ ಒದ್ದೆಯಾಗಿ ಬಿಟ್ಟು ಫ್ಯಾನಿನ ಕೆಳಗೆ ಕೂರಿಸಿ. ಆರಿದಂತೆಲ್ಲ ಮತ್ತೆ ಒರೆಸಿ. ಮೈ ತನ್ನ ನೀರನ್ನು ಖರ್ಚು ಮಾಡದೆ ಹೊರಗಿನ ನೀರು ಆರಿ ತಂಪಾಗುತ್ತದೆ. ಮಜ್ಜಿಗೆ, ನೀರು ಕೇಳುವ ಮೊದಲೇ ಕೊಡುತ್ತಿರಬೇಕು. ಕಲಬುರಗಿಯಂಥ ಒಣ ಊರಿನಲ್ಲಿ ಕಿಟಕಿಗೆ ಒದ್ದೆ ಸೀರೆ ಇಳಿಬಿಟ್ಟರೂ, ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೂ ಒಳಬರುವ ಗಾಳಿ ನಿಜಕ್ಕೂ ತಣ್ಣಗಾಗುತ್ತದೆ. ಒಂದು ಲೀಟರ್ ನೀರು ಆರಿದರೆ 2,400 ಕಿಲೋಜೌಲ್ ಶಾಖ ಖಾಲಿ. ಕೂಲರು ಎಂಬ ಡಬ್ಬಿಯೊಳಗೆ ನಡೆಯುವುದೂ ಇದೇ. ಮಂಗಳೂರು, ಉಡುಪಿಯಲ್ಲಿ ಈ ಉಪಾಯ ಮಾಡಲು ಹೋಗಬೇಡಿ. ಅಲ್ಲಿ ಒದ್ದೆ ಬಟ್ಟೆ ಆರುವುದೇ ಇಲ್ಲ, ಇರುವ ತೇವಕ್ಕೆ ಇನ್ನಷ್ಟು ತೇವ ಸೇರಿ ಸೆಖೆ ಹೆಚ್ಚುತ್ತದೆ.

ಇನ್ನು ‘ಬಿಸಿ ಗಾಳಿ ಬರುತ್ತಿದೆ’ ಎಂಬ ದೂರು. ಇದು ಹೆಚ್ಚಾಗಿ ಮೇಲಿನ ಮಹಡಿಯವರದು, ಅದೂ ರಾತ್ರಿ. ಇಲ್ಲಿ ಅಪರಾಧಿ ಫ್ಯಾನಿನ ಮೇಲಿರುವ ಆರ್‌ಸಿಸಿ ಚಾವಣಿ. ಬೆಳಗಿನಿಂದ ಬಿಸಿಲು ಕುಡಿದ ಕಾಂಕ್ರೀಟು ಆ ಬಿಸಿಯನ್ನು ನಿಧಾನವಾಗಿ ಕೆಳಕ್ಕೆ ದಾಟಿಸುತ್ತದೆ. ಹೊರಗೆ ಬಿಸಿಲು ಇಳಿದು ಗಂಟೆಗಳಾದ ಮೇಲೆ, ಸಂಜೆ ದೀಪ ಹಚ್ಚುವ ಹೊತ್ತಿಗೆ, ಒಳಮೈ ಅತಿ ಹೆಚ್ಚು ಕಾದಿರುತ್ತದೆ. ಸ್ಟೂಲು ಹತ್ತಿ ಅಂಗೈ ಇಟ್ಟರೆ ಗೊತ್ತಾಗುತ್ತದೆ. ಅದರ ಕೆಳಗೆ ಒಂದಡಿ ದಪ್ಪಕ್ಕೆ ಬಿಸಿ ಗಾಳಿ ಕಟ್ಟಿಕೊಂಡಿರುತ್ತದೆ, ಫ್ಯಾನು ಎಳೆದು ಕೆಳಕ್ಕೆ ತಳ್ಳುವುದು ಅದನ್ನೇ.

ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಕಟ್ಟಿದವರಿಗೆ ಇದು ಗೊತ್ತಿತ್ತು. ದಪ್ಪ ಮಣ್ಣಿನ ಹೊದಿಕೆಯಲ್ಲಿ ಬಿಸಿಲು ಕೆಳಗಿಳಿಯುವಷ್ಟರಲ್ಲಿ ಹೊತ್ತೇ ಮುಳುಗಿರುತ್ತಿತ್ತು. ಮಾಳಿಗೆಯ ನಡುವಿನ ಬೆಳಕಿಂಡಿಯಿಂದ ಮೇಲೇರಿದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ಕರಾವಳಿಯ ಹೆಂಚಿನ ಮಾಡಿನಲ್ಲಂತೂ ಸಂದುಸಂದಿನಲ್ಲೂ ಗಾಳಿಗೆ ದಾರಿ. ಈಗಿನ ಮನೆಯಲ್ಲಿ ಕಿಟಕಿಯ ಮೇಲಂಚಿಗೂ ಚಾವಣಿಗೂ ನಡುವೆ ಮೂರಡಿ ಗೋಡೆ, ವೆಂಟಿಲೇಟರ್ ಇದ್ದರೂ ಸೊಳ್ಳೆಗೆ ಹೆದರಿ ರಟ್ಟು ಬಡಿದಿರುತ್ತಾರೆ.

ಹಾಗಾಗಿ ಮೇಲಿನ ಮಹಡಿಯಲ್ಲಿ ಫ್ಯಾನಿಗಿಂತ ಮೊದಲು ತಾರಸಿಗೆ ದುಡ್ಡು ಹಾಕುವುದು ಜಾಣತನ. ಬಿಸಿಲನ್ನು ಹಿಂದಕ್ಕೆ ಎರಚುವ ಬಿಳಿ ಬಣ್ಣ ಬಳಿಸಬಹುದು. ಅಷ್ಟು ಖರ್ಚು ಬೇಡವೆಂದರೆ ಸುಣ್ಣ ಹೊಡೆದರೂ ಆದೀತು, ಪ್ರತಿ ಬೇಸಿಗೆ ಮತ್ತೆ ಹೊಡೆಯಬೇಕು ಅಷ್ಟೇ. ಸಂಜೆ ತಾರಸಿಗೆ ನೀರು ಹಾಕುವ ಹಳೆಯ ಉಪಾಯವೂ ಕೆಲಸ ಮಾಡುತ್ತದೆ. 2024ರ ಮಾರ್ಚಿನಲ್ಲಿ ಟ್ಯಾಂಕರಿಗೆ ಕ್ಯೂ ನಿಂತ ಬೆಂಗಳೂರಿನವರಿಗೆ ಈ ಸಲಹೆ ಕೊಡುವ ಧೈರ್ಯ ನನಗಿಲ್ಲ.

ಕಿಟಕಿಯ ವಿಚಾರದಲ್ಲಿ ನಿಯಮ ಸರಳ, ಪಾಲಿಸುವವರು ಕಡಿಮೆ. ಒಳಗಿಗಿಂತ ಹೊರಗೆ ಬಿಸಿ ಇದ್ದರೆ ಮುಚ್ಚಿ, ಹೊರಗೆ ತಂಪಾದರೆ ತೆರೆಯಿರಿ. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಪರದೆ ಎಳೆದು, ಪಡುವಣ ಕಿಟಕಿಯನ್ನಂತೂ ಸಂಜೆಯವರೆಗೆ ಮುಚ್ಚಿಟ್ಟು, ಕತ್ತಲಾದ ಮೇಲೆ ಎದುರುಬದುರು ಎರಡು ಕಿಟಕಿ ತೆರೆಯಬೇಕು. ನಾವು ಮಾಡುವುದು ಇದರ ಉಲ್ಟಾ: ಹಗಲೆಲ್ಲ ‘ಗಾಳಿ ಬರಲಿ’ ಎಂದು ತೆರೆದಿಟ್ಟು, ಹೊರಗೆ ತಂಪಾಗುವ ಹೊತ್ತಿಗೆ ಸೊಳ್ಳೆ ಬರುತ್ತದೆಂದು ಮುಚ್ಚುತ್ತೇವೆ. ಕಿಟಕಿಗೆ ಜಾಲರಿ ಹಾಕಿಸಿದ ಮನೆಯವರು ಈ ಸಂಕಟದಿಂದ ಪಾರು. ಮಲಗುವ ಮೊದಲು ಅರ್ಧ ಗಂಟೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಹಾಕಿ, ಮಲಗುವ ಕೋಣೆಯ ಕಿಟಕಿ ತೆರೆದು, ನಡುವಿನ ಬಾಗಿಲುಗಳನ್ನು ಬಿಟ್ಟರೆ ಕಟ್ಟಿಕೊಂಡ ಬಿಸಿ ಹೊರಗೆ ಹೋಗಿ ರಾತ್ರಿಯ ಗಾಳಿ ಒಳಗೆ ಬರುತ್ತದೆ. ಸೀಲಿಂಗ್ ಫ್ಯಾನಿಗೆ ಬೀಸಲು ಆಗ ಒಳ್ಳೆಯ ಗಾಳಿ ಸಿಗುತ್ತದೆ.

ಬೆಂಗಳೂರಿನ ಮಾತು ಬಂತಲ್ಲ. 1905ರಲ್ಲೇ ಶಿವನಸಮುದ್ರದ ಕರೆಂಟು ತಲುಪಿದ ಊರು ಅದು. ಆದರೂ ಮೊನ್ನೆ ಮೊನ್ನೆಯವರೆಗೆ ಫ್ಯಾನಿಲ್ಲದ ಮನೆಗಳು ಅಲ್ಲಿ ಎಷ್ಟೋ ಇದ್ದವು; ಬೇಕೆನಿಸಿರಲಿಲ್ಲ. 2016ರ ಏಪ್ರಿಲ್ 24ರಂದು ಅದೇ ಊರು 39.2 ಡಿಗ್ರಿ ಕಂಡಿತು, 2024ರ ಏಪ್ರಿಲ್ 28ರಂದು 38.5. ಹಳೆಯ ಬಡಾವಣೆಯ ಬಾಡಿಗೆ ಮನೆಗಳಲ್ಲಿ ಈಗಲೂ ಹಾಲಿನಲ್ಲೊಂದು ಹುಕ್ಕು ಬಿಟ್ಟರೆ ಉಳಿದ ಕೋಣೆಗಳ ಚಾವಣಿ ಬೋಳು. ಹುಕ್ಕು ಇದ್ದಲ್ಲೂ ಅದು ಕೋಣೆಯ ನಟ್ಟನಡುವೆ, ಮಂಚ ಮಾತ್ರ ಬೀರುವಿಗೆ ಜಾಗ ಬಿಟ್ಟು ಗೋಡೆಯ ಮೂಲೆಗೆ.

ಫ್ಯಾನು ತಣಿಸುವುದು ಮೈಯನ್ನು ಎಂದ ಮೇಲೆ ಮೈ ಅದರ ಕೆಳಗಿರಬೇಕಲ್ಲವೇ? ಸಾಮಾನ್ಯವಾಗಿ ಮನೆಗೆ ಹಾಕುವ ಫ್ಯಾನಿನ ರೆಕ್ಕೆಗಳ ಸುತ್ತಿನ ವ್ಯಾಸ 1,200 ಮಿಲಿಮೀಟರ್, ಅಂದರೆ ನಾಲ್ಕಡಿ. ಗಾಳಿಯ ರಭಸ ಇರುವುದು ಹೆಚ್ಚುಕಡಿಮೆ ಆ ವೃತ್ತದ ನೇರ ಕೆಳಗೆ. ಅದನ್ನು ದಾಟಿ ಗೋಡೆಯತ್ತ ಹೋದಂತೆ ಅದು ಬೇಗ ಕುಗ್ಗುತ್ತದೆ. ಮಂಚವನ್ನು ಮೂರಡಿ ಎಳೆದು ಫ್ಯಾನಿನ ಕೆಳಗೆ ತಂದರೆ ಸಿಗುವ ತಂಪು ಹೊಸ ಫ್ಯಾನು ಕೊಂಡರೂ ಸಿಗದು. ಬೀರು ಅಡ್ಡ ಬರುತ್ತದೆ, ನೋಡಲು ಚೆನ್ನಾಗಿರುವುದಿಲ್ಲ ಎಂಬ ಆಕ್ಷೇಪಗಳು ಜೂನ್ ಬಂದ ಮೇಲೆ ಕೇಳಿಬರಲಿ. ಹಾಲಿನಲ್ಲಿ ಫ್ಯಾನಿನ ಕೆಳಗೇ ಚಾಪೆ ಹಾಸಿ ಮಲಗುವವರು ಈ ಭೌತಶಾಸ್ತ್ರವನ್ನು ಯಾರಿಂದಲೂ ಹೇಳಿಸಿಕೊಂಡವರಲ್ಲ. ಸೊಳ್ಳೆ ಪರದೆಯೊಳಗೆ ಮಲಗುವವರಿಗೆ ಗಾಳಿಯ ರಭಸ ಸಾಕಷ್ಟು ತಗ್ಗಿರುತ್ತದೆ, ಒಂದು ನಂಬರು ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಎತ್ತರಕ್ಕೂ ಒಂದು ಲೆಕ್ಕವಿದೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಸೂತ್ರ ಇದು: ಕೋಣೆಯ ಎತ್ತರವನ್ನು ಮೂರರಿಂದ ಗುಣಿಸಿ, ಅದಕ್ಕೆ ನೀವು ಕೂರುವ ಅಥವಾ ಮಲಗುವ ಮಟ್ಟದ ಎತ್ತರ ಕೂಡಿಸಿ, ನಾಲ್ಕರಿಂದ ಭಾಗಿಸಿ. ಹತ್ತಡಿ ಎತ್ತರದ ಕೋಣೆ, ಎರಡಡಿಯ ಮಂಚ ಎಂದಿಟ್ಟುಕೊಂಡರೆ ರೆಕ್ಕೆ ಎಂಟಡಿಯಲ್ಲಿರಬೇಕು, ಚಾವಣಿಯಿಂದ ಎರಡಡಿ ಕೆಳಗೆ. ಏನೇ ಆದರೂ ಚಾವಣಿಗೂ ರೆಕ್ಕೆಗೂ ಒಂದಡಿಯಾದರೂ ಅಂತರ ಬೇಕೇ ಬೇಕು. ಇಲ್ಲದಿದ್ದರೆ ಮೇಲಿನಿಂದ ಎಳೆದುಕೊಳ್ಳಲು ಗಾಳಿಯೇ ಇರದೆ ಫ್ಯಾನು ಸುಮ್ಮನೆ ಗಿರಗಿರ ಸುತ್ತುತ್ತದೆ. ಫಾಲ್ಸ್ ಸೀಲಿಂಗ್ ಮಾಡಿಸಿದ ಫ್ಲ್ಯಾಟುಗಳಲ್ಲಿ ಆಗುತ್ತಿರುವುದು ಇದೇ. ಪಿಒಪಿ ಹೂಬಳ್ಳಿಗೆ ಒಂದಡಿ ಹೋಗಿ, ಚೋಟುದ್ದದ ರಾಡಿನಲ್ಲಿ ಫ್ಯಾನು ಅದಕ್ಕೆ ಅಂಟಿಕೊಂಡಿರುತ್ತದೆ, ಮನೆಯವರು ಕಂಪನಿಯನ್ನು ಬೈಯುತ್ತಾರೆ. ಅಲ್ಲಿ ಸೂತ್ರ ಹಿಡಿದು ಹೊರಟರೆ ರೆಕ್ಕೆ ತಲೆಗೆ ಬಡಿಯುವಷ್ಟು ಕೆಳಗೆ ಬರುವುದರಿಂದ, ನೆಲದಿಂದ ಎಂಟಡಿ ಬಿಟ್ಟು ಉಳಿದಷ್ಟಕ್ಕೆ ರಾಜಿಯಾಗಬೇಕು. ಅದೇ ಸಂಹಿತೆಯ ಇನ್ನೊಂದು ಲೆಕ್ಕ: ಕೋಣೆಯ ಉದ್ದನೆಯ ಬದಿ ಎಷ್ಟು ಮೀಟರೋ ಅದರ 55 ಪಟ್ಟು ಘನ ಮೀಟರ್ ಗಾಳಿಯನ್ನು ಫ್ಯಾನು ನಿಮಿಷಕ್ಕೆ ಹರಿಸಬೇಕು. ನಾಲ್ಕು ಮೀಟರ್ ಕೋಣೆಗೆ 220, ಒಂದು ಒಳ್ಳೆಯ ನಾಲ್ಕಡಿ ಫ್ಯಾನು ಸಾಕು. ಆರು ಮೀಟರ್ ಹಾಲಿಗೆ 330 ಬೇಕು. ಒಂದೇ ಫ್ಯಾನು ಹಾಕಿ ಎರಡು ತುದಿಯ ಸೋಫಾದವರೂ ತಣ್ಣಗಿರಲಿ ಎಂದರೆ ಆಗದು.

ಫ್ಯಾನೇ ನಿಧಾನವಾಗಿದ್ದರೆ ಮೊದಲ ಅನುಮಾನ ಕೆಪಾಸಿಟರ್ ಮೇಲಿರಲಿ. ಅಂಗಡಿಯವರೂ ಎಲೆಕ್ಟ್ರಿಷಿಯನ್ನರೂ ಈಗಲೂ ಕಂಡೆನ್ಸರ್ ಎಂದೇ ಕರೆಯುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿ ಅದು. ಮೋಟಾರಿನ ಮೇಲಿನ ಕಪ್ ಸರಿಸಿದರೆ ಎರಡು ವೈರಿನ ನಡುವೆ ಕೂತಿರುತ್ತದೆ. ಮೈಮೇಲೆ 2.5 ಎಂದು ಬರೆದಿರುತ್ತದೆ, ಮೈಕ್ರೋಫ್ಯಾರಡ್ ಲೆಕ್ಕ. ನಾಲ್ಕಾರು ಬೇಸಿಗೆ ಕಂಡ ಕಂಡೆನ್ಸರಿಗೆ ಮೀಟರು ಹಚ್ಚಿದರೆ ಒಂದೂವರೆ ತೋರಿಸುವುದುಂಟು. ಕೆಲವು ಉಬ್ಬಿಕೊಂಡು ಹೊಟ್ಟೆ ಬಂದಿರುತ್ತವೆ. ಮೋಟಾರಿಗೆ ಬೇಕಾದ ತಳ್ಳು ಸಿಗದೆ ಫ್ಯಾನು ಐದರಲ್ಲೂ ಮೂರರ ವೇಗಕ್ಕೆ ಇಳಿಯುತ್ತದೆ. ನೂರು ರೂಪಾಯಿಯೊಳಗಿನ ಸಾಮಾನು, ಹತ್ತು ನಿಮಿಷದ ಕೆಲಸ. ಹಳೆಯದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡಿನದನ್ನು ಹಾಕಿಸಬೇಕು. ‘ಸ್ಪೀಡು ಬರ್ಲಿ’ ಎಂದು 3.15 ಹಾಕಿಕೊಡುವವರಿದ್ದಾರೆ, ಗಾಳಿ ಬಂದೀತು, ಜೊತೆಗೆ ವೈಂಡಿಂಗ್ ಕಾಯುತ್ತದೆ.

ರೆಕ್ಕೆಯ ಧೂಳು ಎರಡನೆಯದು. ಗಾಳಿಯನ್ನು ಕತ್ತರಿಸುವ ಮುಂದಂಚಿನಲ್ಲಿ ಅದು ಎಣ್ಣೆಜಿಡ್ಡಿನೊಡನೆ ಸೇರಿ ಕಪ್ಪು ಪಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಅಡುಗೆಮನೆಗೆ ಹತ್ತಿರದ ಹಾಲಿನಲ್ಲಂತೂ ಬೇಗ. ಹಳೆಯ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ ಹಿಂದಕ್ಕೆಳೆದರೆ ಧೂಳು ಕವರಿನೊಳಗೇ ಬೀಳುತ್ತದೆ, ಹಾಸಿಗೆಯ ಮೇಲಲ್ಲ. ಒರೆಸುವಾಗ ರೆಕ್ಕೆಗೆ ಜೋತುಬೀಳಬಾರದು. ಅದರ ಓರೆ ಒಂದಿಷ್ಟು ಬದಲಾದರೂ ಆಮೇಲೆ ಫ್ಯಾನು ತೂರಾಡುತ್ತದೆ. ವೈಂಡಿಂಗ್ ಮಾಡಿಸಿ ತಂದ ಫ್ಯಾನು ಜೋರಾಗಿ ತಿರುಗಿಯೂ ಕೆಳಗೆ ಗಾಳಿ ಬಾರದಿದ್ದರೆ ವೈರು ಅದಲುಬದಲಾಗಿ ಉಲ್ಟಾ ಸುತ್ತುತ್ತಿರಬಹುದು, ಗಾಳಿ ಚಾವಣಿಗೆ ಹೋಗುತ್ತಿರುತ್ತದೆ. ಹೊಸ ರಿಮೋಟ್ ಫ್ಯಾನುಗಳಲ್ಲಿ ಕೆಲವಕ್ಕೆ ಉಲ್ಟಾ ಸುತ್ತುವ ಬಟನ್ನೇ ಇದೆ, ಮಕ್ಕಳು ಒತ್ತಿರುತ್ತಾರೆ.

ಹಳ್ಳಿಗಳಲ್ಲಿ ಸಂಜೆಯ ಹೊತ್ತು ವೋಲ್ಟೇಜೇ ಕುಸಿಯುತ್ತದೆ, ಆಗ ಮಾಮೂಲಿ ಫ್ಯಾನು ಕುಂಟುತ್ತದೆ. ಬಿಎಲ್‌ಡಿಸಿ ಎಂದು ಮಾರುವ ಹೊಸ ಬಗೆಯ ಫ್ಯಾನು ಇಂಥಲ್ಲಿ ಗೆಲ್ಲುತ್ತದೆ. ಅದರೊಳಗೆ ಆಯಸ್ಕಾಂತದ ಮೋಟಾರು, ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು. ವೋಲ್ಟೇಜು ಏರಿಳಿದರೂ ವೇಗ ಹೆಚ್ಚು ಬದಲಾಗದು, ಅದೇ ಗಾಳಿಗೆ ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 10 ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ ಮಾಮೂಲಿ ಫ್ಯಾನು 22.5 ಯೂನಿಟ್, ಇದು 9. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಒಂದು ಫ್ಯಾನಿಗೆ ತಿಂಗಳಿಗೆ 80 ರೂಪಾಯಿ ಉಳಿತಾಯ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಬಿಲ್ಲು ಸೊನ್ನೆ ಬರುವ ಮನೆಗೆ ಇದು ಕಣ್ಣಿಗೆ ಕಾಣದ ಉಳಿತಾಯ. ಆದರೆ ಬೇಸಿಗೆಯಲ್ಲಿ 200 ಯೂನಿಟ್ಟಿನ ಗೆರೆ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಮೂರು ಫ್ಯಾನು ಬದಲಿಸಿದರೆ ತಿಂಗಳಿಗೆ 40 ಯೂನಿಟ್ ತಗ್ಗುತ್ತದೆ ಎಂಬುದು ಆ ಗೆರೆಯ ಅಂಚಿನಲ್ಲಿರುವವರಿಗೆ ಸಣ್ಣ ಮಾತಲ್ಲ. ಯುಪಿಎಸ್ ಮೇಲೆ ಓಡಿಸುವವರಿಗೆ ಅದೇ ಬ್ಯಾಟರಿಯಲ್ಲಿ ಎರಡು ಪಟ್ಟು ಹೊತ್ತು ಗಾಳಿ. ಕೊರತೆಯೂ ಇದೆ: ಬೋರ್ಡು ಕೆಟ್ಟರೆ ಮೂಲೆಯಂಗಡಿಯ ವೈಂಡಿಂಗ್‌ನವನು ಕೈಯೆತ್ತುತ್ತಾನೆ, ವಾರಂಟಿ ಚೀಟಿ ಜೋಪಾನ. ಗೋಡೆಯ ಹಳೆಯ ರೆಗ್ಯುಲೇಟರಿಗೆ ಇದನ್ನು ಜೋಡಿಸಬಾರದು. ಆ ಹಳೆಯ ದಪ್ಪ ಡಬ್ಬಿ ರೆಗ್ಯುಲೇಟರಂತೂ ಮಾಮೂಲಿ ಫ್ಯಾನಿನೊಡನೆಯೂ ದಂಡ. ವೇಗ ತಗ್ಗಿಸಿದಾಗ ಉಳಿಯಬೇಕಾದ ಕರೆಂಟನ್ನು ತಾನೇ ಬಿಸಿಯಾಗಿ ಕಳೆಯುತ್ತದೆ, ಮುಟ್ಟಿದರೆ ತಿಳಿಯುತ್ತದೆ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೆ ನಕ್ಷತ್ರದ ಚೀಟಿ ಕಡ್ಡಾಯ. ಅದು ಅಳೆಯುವುದು ಪ್ರತಿ ವ್ಯಾಟಿಗೆ ಎಷ್ಟು ಗಾಳಿ ಎಂಬುದನ್ನು. ಕೊಳ್ಳುವಾಗ ನಕ್ಷತ್ರದ ಜೊತೆ ಒಟ್ಟು ಗಾಳಿಯ ಅಂಕಿಯನ್ನೂ ನೋಡಿ.

ಎಸಿ ಇರುವವರು ಫ್ಯಾನನ್ನು ಮರೆಯಬಾರದು. ಮೈಮೇಲೆ ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಆಡಿದರೆ ಎರಡು ಮೂರು ಡಿಗ್ರಿ ಕಡಿಮೆ ಇದ್ದ ಅನುಭವವಾಗುತ್ತದೆ. 2020ರಿಂದ ಎಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿಕೊಂಡು ಬರುತ್ತಿವೆ. ಅದನ್ನು 27ಕ್ಕೆ ಏರಿಸಿ, ಫ್ಯಾನು ಎರಡರಲ್ಲಿಟ್ಟು ಮಲಗಿ ನೋಡಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಎಸಿಯ ಕರೆಂಟು ಸುಮಾರು ಶೇ. 6ರಷ್ಟು ತಗ್ಗುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಚಾದರ ಹೊದ್ದು 18ರಲ್ಲಿ ನಡುಗುವವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಇಷ್ಟು ಹೇಳಿ ಮಂಚವನ್ನು ಫ್ಯಾನಿನ ಕೆಳಗೆ ಎಳೆಸಿದ ಮೇಲೆ ಒಂದು ಜವಾಬ್ದಾರಿ ಬಾಕಿ ಇದೆ. ಎಲೆಕ್ಟ್ರಿಷಿಯನ್ ಕಂಡೆನ್ಸರ್ ಹಾಕಲು ಏಣಿ ಹತ್ತಿದಾಗ ಚಾವಣಿಗೆ ತಾಗಿದ ಕಪ್ಪನ್ನೂ ಇಳಿಸಲು ಹೇಳಿ. ಹುಕ್ಕಿಗೆ ಸಿಕ್ಕಿಸಿದ ರಬ್ಬರ್ ಬುಷ್ ಸವೆದಿದೆಯೇ, ರಾಡಿನ ಬೋಲ್ಟು ಬಿಗಿಯಾಗಿದೆಯೇ, ಆ ಬೋಲ್ಟು ಜಾರದಂತೆ ತಡೆಯುವ ಸೀಳುಪಿನ್ನು ಇದೆಯೇ ಎಂದು ಟಾರ್ಚು ಬಿಟ್ಟು ನೋಡಿಸಿ. ಆ ಪಿನ್ನಿನ ಜಾಗದಲ್ಲಿ ವೈರಿನ ತುಂಡು ಸುತ್ತಿದ್ದರೆ ಅಂದೇ ಬದಲಿಸಿ.